ಗೆಲಕ್ಸಿಯ ಬಾಲವೂ ೭೪ ದೀಪಗಳೂ

ಕೃಷ್ಣವೇಣಿ ನಕ್ಷತ್ರಪುಂಜದ ದಿಕ್ಕಿನಲ್ಲಿ, ನಮ್ಮಿಂದ ಸುಮಾರು ೩೦ ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ, ಎರಡು ಗೆಲಕ್ಸಿಗಳು ಒಂದರ ಸಮೀಪದಲ್ಲೊಂದು ಹಾದುಹೋಗಿ ಪರಸ್ಪರರ ಆಕಾರವನ್ನು ಕೆಡಿಸಿವೆ. ಖಗೋಳಜ್ಞರ ಪಟ್ಟಿಯಲ್ಲಿ ಈ ಜೋಡಿಯ ಹೆಸರು ಎನ್‌ಜಿಸಿ ೪೬೭೬. ಎರಡಕ್ಕೂ ನೀಳವಾದ ಬಾಲವಿರುವುದರಿಂದ ‘ಇಲಿಗಳು’ ಎಂಬ ಅಡ್ಡಹೆಸರೂ ಉಂಟು.

ಈ ಬಾಲಗಳು ಮೂಡಿದುದು ಹೇಗೆ? ಗುರುತ್ವಾಕರ್ಷಣೆಯು ಇಷ್ಟು ಸಪೂರವಾದ ಎಳೆಗಳನ್ನು ಹೊರಗೆಳೆಯಬಲ್ಲುದೆಂದು ಹಿಂದೆ ಹಲವರು ನಂಬಲಿಲ್ಲ. ಕಾಂತಬಲವೇ ಕಾರಣವಿರಬಹುದೆಂದು ಊಹಿಸಿದವರೂ ಇದ್ದರು. ೧೯೭೨ರಲ್ಲಿ ಅಲಾರ್ ಟೂಮ್ರೆ, ಯೂರಿ ಟೂಮ್ರೆ ಎಂಬ ಸೋದರರು ಗಣಕಯಂತ್ರದ ನೆರವಿನಿಂದ ಇದನ್ನು ಲೆಕ್ಕಮಾಡಿ ತೋರಿಸಿದರು. ಚಂದ್ರನು ಕಡಲಿನಲ್ಲಿ ಉಬ್ಬರವನ್ನೆಬ್ಬಿಸುವ ಕ್ರಮವೇ ಇಲ್ಲಿಯೂ ಇದೆ. ನೆರೆಯ ಗೆಲಕ್ಸಿಯ ಸೆಳೆತವು ಹತ್ತಿರದ ಅಂಚಿನ ಮೇಲೆ ಹೆಚ್ಚು, ದೂರದ ಅಂಚಿನ ಮೇಲೆ ಕಡಿಮೆ. ಈ ವ್ಯತ್ಯಾಸದಿಂದ, ತಟ್ಟೆಯಂತೆ ತಿರುಗುತ್ತಿರುವ ಗೆಲಕ್ಸಿಯು ಉದ್ದಕ್ಕೆ ಹಿಗ್ಗಿ, ಅಂಚಿನ ನಕ್ಷತ್ರಗಳು ಹೊರಕ್ಕೆ ಚಿಮ್ಮಿ ಬಾಲವಾಗುತ್ತವೆ. ಇದಕ್ಕೆ ನ್ಯೂಟನ್ನನ ನಿಯಮವೊಂದೇ ಸಾಕು.

ಗಣಕಯಂತ್ರವಿದ್ದವರಿಗೆ ಮಾತ್ರವೇ ಇಂಥ ಕೆಲಸ ಸಾಧ್ಯವೆಂದು ವಿದ್ಯಾರ್ಥಿಗಳು ಭಾವಿಸಬಾರದು. ೧೯೪೧ರಲ್ಲಿಯೇ ಸ್ವೀಡನ್ನಿನ ಎರಿಕ್ ಹೋಲ್ಮ್‌ಬರ್ಗ್ ಎಂಬ ಖಗೋಳಜ್ಞರು ೭೪ ವಿದ್ಯುದ್ದೀಪಗಳಿಂದ ಎರಡು ಗೆಲಕ್ಸಿಗಳ ಮಾದರಿಯನ್ನು ರಚಿಸಿದರು. ದೂರವು ಇಮ್ಮಡಿಯಾದರೆ ಗುರುತ್ವಾಕರ್ಷಣೆಯು ಕಾಲುಭಾಗಕ್ಕೆ ಇಳಿಯುತ್ತದೆ. ದೀಪದ ಬೆಳಕೂ ಹಾಗೆಯೇ. ಆದ್ದರಿಂದ ಪ್ರತಿಯೊಂದು ದೀಪದ ಸ್ಥಾನದಲ್ಲಿಯೂ ಬೀಳುವ ಬೆಳಕನ್ನು ದ್ಯುತಿಕೋಶದಿಂದ ಅಳೆದು, ಅದನ್ನೇ ಸೆಳೆತವೆಂದು ಎಣಿಸಿ, ಅದಕ್ಕೆ ತಕ್ಕಂತೆ ದೀಪವನ್ನು ಸರಿಸಿದರು. ಹೀಗೆ ಹೆಜ್ಜೆ ಹೆಜ್ಜೆಯಾಗಿ ಸಾಗಿದಂತೆ ಮಾದರಿಯಲ್ಲಿ ಸುರುಳಿ ತೋಳುಗಳು ಮೂಡಿದುವು.

ಈ ಉಪಾಯಕ್ಕೆ ಆಧಾರವಾದ ಎರಡು ನಿಯಮಗಳನ್ನೂ ನಮ್ಮ ವಿದ್ಯಾರ್ಥಿಗಳು ಬಲ್ಲರು. ಆದರೆ ಪಠ್ಯಪುಸ್ತಕದಲ್ಲಿ ಗುರುತ್ವಾಕರ್ಷಣೆಯದು ಒಂದು ಪಾಠ, ಬೆಳಕಿನದು ಬೇರೊಂದು ಪಾಠ. ಪರೀಕ್ಷೆಯಲ್ಲಿಯೂ ಅವನ್ನು ಬೇರೆ ಬೇರೆಯಾಗಿಯೇ ಕೇಳುತ್ತೇವೆ. ಹೀಗೆ ಕಲಿತವನಿಗೆ ದೀಪದಲ್ಲಿ ನಕ್ಷತ್ರವು ಕಾಣುವುದೆಂತು?

ಸಲಕರಣೆಗಳು ಬೇಡವೆಂದು ನಾವು ಹೇಳುತ್ತಿಲ್ಲ. ಬರಿದಾದ ಪ್ರಯೋಗಶಾಲೆಯನ್ನು ಯಾರೂ ಮೆಚ್ಚಲಾರರು. ಆದರೆ ಸಲಕರಣೆ ಬರುವ ತನಕ ಕಾಯಬೇಕಾಗಿಲ್ಲದ ಒಂದು ಕೆಲಸವುಂಟು. ಒಂದು ನಿಯಮವನ್ನು ಕಲಿಸಿದ ಮೇಲೆ, ‘ಇದೇ ರೂಪದ ನಿಯಮ ಬೇರೆಲ್ಲಿದೆ? ಹೋಲಿಕೆಯು ಎಲ್ಲಿ ತಪ್ಪುತ್ತದೆ?’ ಎಂಬ ಚರ್ಚೆಗೆ ಒಂದು ತರಗತಿಯನ್ನು ಮೀಸಲಿಡಬೇಕು. ವಿದ್ಯುದಾವೇಶಗಳ ನಡುವಣ ಬಲವೂ ಅದೇ ರೂಪದ್ದು. ಆದರೆ ಅಲ್ಲಿ ವಿಕರ್ಷಣೆಯೂ ಉಂಟು. ಬೆಳಕನ್ನು ಒಂದು ರಟ್ಟಿನಿಂದ ತಡೆಯಬಹುದು. ಗುರುತ್ವಾಕರ್ಷಣೆಯನ್ನು ಯಾವ ಮರೆಯೂ ತಡೆಯಲಾರದು.

ಇಂಥ ಚರ್ಚೆಯಿಂದ ಪರೀಕ್ಷೆಯಲ್ಲಿ ಒಂದು ಅಂಕವೂ ಹೆಚ್ಚದಿರಬಹುದು. ಆದರೂ ಉಪಾಧ್ಯಾಯರು ಈ ಪ್ರಶ್ನೆಗಳನ್ನು ಎತ್ತಲಿ. ಅವರು ಎತ್ತದಿದ್ದರೆ ವಿದ್ಯಾರ್ಥಿಗಳೇ ಎದ್ದುನಿಂತು ಕೇಳಲಿ ಎಂಬುದು ನಮ್ಮ ಕೋರಿಕೆ.