ಹಲಸು ‘ಸಾಫ್ಟ್‌ವುಡ್’ ಅಂದರೆ ಒಪ್ಪಬೇಡಿ

ಚೇಳೂರು ಮಾರುಕಟ್ಟೆಯಲ್ಲಿ ಹಲಸಿನ ಹಣ್ಣಿನ ದರ ನಮ್ಮ ರೈತರಿಗೆಲ್ಲ ಗೊತ್ತು. ಮರದ ದರ ಮಾತ್ರ ಕೊಳ್ಳಲು ಬಂದವರು ಹೇಳಿದ್ದೇ. ‘ಇದು ಸಾಫ್ಟ್‌ವುಡ್ ಕಣಣ್ಣ, ಇಷ್ಟೇ ಬರೋದು’ ಅಂದ್ರೆ ಸುಮ್ಮನಾಗ್ತೀವಿ. ಸುಮ್ಮನಾಗಬಾರದು.

ಸಾಫ್ಟ್‌ವುಡ್, ಹಾರ್ಡ್‌ವುಡ್ ಎಂಬುದು ಗಟ್ಟಿತನದ ಅಳತೆಯಲ್ಲ, ಒಳಗಿನ ಕೋಶಗಳ ಲೆಕ್ಕ. ಪೈನ್, ದೇವದಾರು ಸಾಫ್ಟ್‌ವುಡ್. ಅವುಗಳಲ್ಲಿ ಸುಮಾರು ಶೇ. 90ರಷ್ಟು ಭಾಗ ಒಂದೇ ಬಗೆಯ ಉದ್ದ ಕೋಶ, 3–4 ಮಿ.ಮೀ. ನೀರು ಸಾಗಿಸುವುದೂ ಅದೇ, ಮರವನ್ನು ನಿಲ್ಲಿಸುವುದೂ ಅದೇ. ಹಾರ್ಡ್‌ವುಡ್‌ನಲ್ಲಿ ನೀರಿಗೆ ಬೇರೆ ಅಗಲವಾದ ಕೊಳವೆ, ಬಲಕ್ಕೆ ಬೇರೆ, 1 ಮಿ.ಮೀ. ಆಸುಪಾಸಿನ ನಾರು. ಹಲಸು, ಮಾವು, ಹುಣಸೆ, ತೇಗ, ಸಿಲ್ವರ್ ಓಕ್, ಹೆಬ್ಬೇವು, ಅಷ್ಟು ಮೆತ್ತಗಿರುವ ಬೂರುಗ ಕೂಡ ಹಾರ್ಡ್‌ವುಡ್ಡೇ. ಸೂಜಿಯಂಥ ಎಲೆ ನೋಡಿ ಸರ್ವೆಯನ್ನು ಪೈನ್ ಜಾತಿಗೆ ಸೇರಿಸೋರಿದ್ದಾರೆ, ಅದರಲ್ಲೂ ಕೊಳವೆಗಳಿವೆ. (ತೆಂಗು, ಅಡಿಕೆ ಎರಡೂ ಗುಂಪಿಗೆ ಸೇರಲ್ಲ. ಕಾಂಡವನ್ನು ದಪ್ಪ ಮಾಡುವ ಪದರವೇ ಅವಕ್ಕಿಲ್ಲ. ಹಾಗಾಗಿಯೇ ತೆಂಗಿನ ಮರಕ್ಕೆ ಹಾಕಿದ ಕಚ್ಚು ಯಾವತ್ತೂ ಮುಚ್ಚಿಕೊಳ್ಳಲ್ಲ.)

ಕಡಿದ ತುಂಡಿನ ಅಡ್ಡ ಮುಖವನ್ನು ಹೊಸ ಬ್ಲೇಡಿನಲ್ಲಿ ನಯವಾಗಿ ಕೆತ್ತಿ, ನೀರು ಸವರಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು ನೋಡಿ. ಹಲಸಿನಲ್ಲಿ ದೊಡ್ಡ ರಂಧ್ರಗಳು ಅಲ್ಲೊಂದು ಇಲ್ಲೊಂದು ಚದುರಿರುತ್ತವೆ. ತೇಗದಲ್ಲಿ ದೊಡ್ಡ ರಂಧ್ರಗಳು ಬಳೆಯ ಹಾಗೆ ಸುತ್ತ ಸಾಲುಗಟ್ಟಿರುತ್ತವೆ. ಪೈನ್ ತುಂಡಿನಲ್ಲಿ ಇಂಥ ಕೊಳವೆ ರಂಧ್ರಗಳೇ ಇಲ್ಲ.

ಹಾರ್ಡ್‌ವುಡ್ ಅಂದಾಕ್ಷಣ ಸಿಲ್ವರ್‌ಗೆ ತೇಗದ ರೇಟು ಸಿಗುತ್ತೆ ಅಂತಲ್ಲ. ಹಲಸಿನ ಬೆಲೆ ನಿಲ್ಲಬೇಕಾದ್ದು ಚೇಗಿನ ಮೇಲೆ. ಮರಕ್ಕೆ ವಯಸ್ಸಾದಂತೆ ನಡುವಿನ ಕೊಳವೆಗಳು ಕಟ್ಟಿಕೊಳ್ಳುತ್ತವೆ, ಕೋಶಗಳಲ್ಲಿ ಬಣ್ಣದ ಪದಾರ್ಥ ತುಂಬುತ್ತದೆ. ಆ ಹಳದಿ ಚೇಗೇ ಬಾಗಿಲು, ಚೌಕಟ್ಟಿಗೆ ಬಾಳಿಕೆ ಕೊಡುವುದು. ವೀಣೆಗೂ ಹಲಸಿನ ಮರ ಬಳಸುತ್ತಾರೆ. ಹೊರಗಿನ ಬಿಳಿ ಭಾಗದ ಕೋಶಗಳಲ್ಲಿ ಪಿಷ್ಟ ಇರುತ್ತೆ, ಕುಟ್ಟೆ ಹುಳಕ್ಕೆ ಅದೇ ಊಟ. ಸುತ್ತಳತೆ ಒಂದೇ ಇದ್ದರೂ ಚೇಗು ಹೆಚ್ಚಿರುವ ಮರಕ್ಕೆ ಹೆಚ್ಚು ಕೇಳುವುದು ನ್ಯಾಯ. ನಿಂತ ಮರದಲ್ಲಿ ಚೇಗು ಕಾಣಲ್ಲ, ಅದಕ್ಕೇ ನಿಂತ ಮರವನ್ನು ಗುತ್ತಿಗೆ ಲೆಕ್ಕದಲ್ಲಿ ಕೊಡಬೇಡಿ. ಕಡಿದ ಮೇಲೆ ಚೇಗು ಅಳೆದು ದರ ಅಂತ ಮೊದಲೇ ಮಾತಾಡಿಕೊಳ್ಳಿ. ಎಳೇ ಮರವಂತೂ ಬಹುಪಾಲು ಬಿಳಿಯೇ, ಮಾರಿದರೆ ನಷ್ಟ ನಿಮಗೇ.

ಕೊಡಲಿ ಹಾಕಿಸುವ ಮುಂಚೆ ಆ ಮರದ ತೊಳೆಯನ್ನೂ ಒಮ್ಮೆ ಬಿಡಿಸಿ ನೋಡಿ. ಈಗ ಕಸಿ ಗಿಡಗಳಾಗಿ ಊರೂರಿಗೆ ಹೋಗುತ್ತಿರುವ ಚೇಳೂರಿನ ‘ಸಿದ್ದು’ ಹಲಸು ಒಬ್ಬ ರೈತರ ಜಮೀನಿನ ಒಂದೇ ಮರದಿಂದ ಬಂದಿದ್ದು.