ಮಿಶನ್ ಶಾಲೆಯ ಬಾಗಿಲೂ ಸಾಲದ ಸಲಹೆಗಾರರೂ

ಪಶ್ಚಿಮ ದೇಶಗಳಲ್ಲಿ, ವಿಶೇಷವಾಗಿ ಅಮೇರಿಕೆಯಲ್ಲಿ, ಹೊಸ ಬಗೆಯ ಉಪಕಾರಿಗಳ ವರ್ಗವೊಂದು ತಲೆಯೆತ್ತಿರುತ್ತದೆ. ಇವರು ಪಾದ್ರಿಗಳಲ್ಲ, ಉಪಾಧ್ಯಾಯರೂ ಅಲ್ಲ. ಬಡ ದೇಶಗಳಲ್ಲಿ ಅಲ್ಲಿನ ಕ್ರೈಸ್ತರೇ ನಡೆಸುವ ಅಲ್ಪಶುಲ್ಕದ ಖಾಸಗಿ ಶಾಲೆಗಳನ್ನು ಹುಡುಕಿ, ಅವುಗಳ ಯಜಮಾನರಿಗೆ ಲೆಕ್ಕಪತ್ರದ ಕ್ರಮವನ್ನು ತಿಳಿಸಿ, ಕಟ್ಟಡಕ್ಕೆ ಸಾಲವನ್ನು ಒದಗಿಸಿ, ಶಾಲೆಯು ತನ್ನ ಕಾಲಮೇಲೆ ತಾನು ನಿಲ್ಲುವಂತೆ ಮಾಡುವುದೇ ಇವರ ವ್ರತ. 2009ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೋ ಪಟ್ಟಣದಲ್ಲಿ ಸ್ಥಾಪಿತವಾದ ಎಡಿಫೈ ಎಂಬ ಸಂಸ್ಥೆಯು ಇವರಲ್ಲಿ ಹೆಸರಾದುದು. ಘಾನಾ, ರುವಾಂಡಾ, ಡೊಮಿನಿಕನ್ ಗಣರಾಜ್ಯ ಮೊದಲಾದೆಡೆ ಸ್ಥಳೀಯ ಸಾಲಸಂಸ್ಥೆಗಳ ಮುಖಾಂತರ ಅದು ಹಣವನ್ನು ಹಂಚುತ್ತದೆ; ಶಿಕ್ಷಕರಿಗೆ ತರಬೇತಿಯನ್ನೂ ಕೊಡಿಸುತ್ತದೆ. ಇವರ ಸದುದ್ದೇಶವನ್ನು ಶಂಕಿಸುವುದಕ್ಕೆ ಕಾರಣವಿಲ್ಲ. ಶಂಕಿಸತಕ್ಕದ್ದು ಇವರ ಸಿದ್ಧಾಂತವನ್ನು.

ಆ ಸಿದ್ಧಾಂತವು ಇಷ್ಟೇ: ಬಡವನೂ ಶುಲ್ಕ ಕೊಡಬಲ್ಲನು, ಕೊಡಲು ಸಿದ್ಧನೂ ಆಗಿದ್ದಾನೆ, ಆದುದರಿಂದ ಅವನು ಕೊಡಬಲ್ಲಷ್ಟು ಶುಲ್ಕದ ಶಾಲೆಯನ್ನು ಕಟ್ಟಿದರೆ ವಿದ್ಯೆಯೂ ಹಬ್ಬುತ್ತದೆ, ಧರ್ಮವೂ ಹಬ್ಬುತ್ತದೆ, ಸಾಲವೂ ತೀರುತ್ತದೆ. ಒಂದೇ ಕಲ್ಲಿಗೆ ಮೂರು ಮಾವಿನಕಾಯಿ! ಇದರಲ್ಲಿ ಧರ್ಮದ ಅಂಶವನ್ನು ಬಿಟ್ಟು ಉಳಿದೆರಡನ್ನು ಮಾತ್ರ ಹಿಡಿದ ಸಾಲದ ಕಂಪನಿಗಳು ಹೈದರಾಬಾದು ಬೆಂಗಳೂರುಗಳಲ್ಲಿಯೂ ಹುಟ್ಟಿವೆ. ಆದಕಾರಣ ಇದು ಆಫ್ರಿಕದ ದೂರದ ಸುದ್ದಿಯೆಂದು ಹಾವೇರಿ ಸೀಮೆಯ ವಾಚಕರು ಪುಟ ತಿರುವುವಂತಿಲ್ಲ. ಅಲ್ಲದೆ ಕ್ರೈಸ್ತ ಶಾಲೆ ಎಂದರೇನೆಂಬುದನ್ನು ಈ ಸೀಮೆಯು ಪರೋಪದೇಶದಿಂದ ತಿಳಿಯಬೇಕಾಗಿಲ್ಲ. 1997ರ ವರೆಗೆ ಬ್ಯಾಡಗಿ, ಹಾವೇರಿ, ರಾಣೇಬೆನ್ನೂರುಗಳು ಧಾರವಾಡ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ಆ ಜಿಲ್ಲೆಯಾದರೋ ಬಾಸೆಲ್ ಮಿಶನ್ನಿನ ಹಳೆಯ ಕಾರ್ಯಕ್ಷೇತ್ರ.

ಬಾಸೆಲ್ಲಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ, 1841ರಲ್ಲಿ ಬೆಟಗೇರಿಗೂ ಬಂದರು. ಅವರ ಉದ್ದೇಶವು ಮತಾಂತರವೇ. ಅದನ್ನು ಅವರು ಮುಚ್ಚಿಡಲೂ ಇಲ್ಲ. ಈ ನಾಡಿನ ದೇವತೆಗಳನ್ನು ಕುರಿತು ಅವರಾಡಿದ ಕಟುವಚನಗಳನ್ನು ಮರೆಯಬೇಕಾದುದೂ ಇಲ್ಲ. ಆದರೂ ಅವರು ಬಂದವರು ಕಲಿಯುವುದಕ್ಕೆ ಹಿಂಜರಿಯಲಿಲ್ಲ. 1853ರಲ್ಲಿ ಬಂದ ಕಿಟ್ಟೆಲ್ ಸಾಹೇಬರು ಧಾರವಾಡ ಹುಬ್ಬಳ್ಳಿಗಳ ಜನರಾಡುವ ಮಾತನ್ನು ಕಿವಿಗೊಟ್ಟು ಕೇಳಿ, 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟನ್ನು ಕೊಟ್ಟರು. ಮಿಶನ್ನಿನ ಶಾಲೆಗಳಿಗೆ ಬಂದ ಹಣವು ಬಹ್ವಂಶವಾಗಿ ಸ್ವಿಟ್ಜರ್ಲೆಂಡ್ ಜರ್ಮನಿಗಳ ಸಾಮಾನ್ಯ ಭಕ್ತರು ಕೊಟ್ಟ ಚಿಲ್ಲರೆ ಕಾಸು. ಕೊಟ್ಟವರು ಅದನ್ನು ಬಡ್ಡಿಯೊಡನೆ ಮರಳಿ ಕೇಳಲಿಲ್ಲ.

ಆ ಶಾಲೆಗಳ ನಿಜವಾದ ಮಾನವಿದ್ದುದು ನಿಘಂಟಿನಲ್ಲಿಯೂ ಅಲ್ಲ, ಬಾಗಿಲಿನಲ್ಲಿ. 1856ನೆಯ ಇಸವಿಯ ಜೂನ್ ತಿಂಗಳಲ್ಲಿ ಧಾರವಾಡದ ಒಬ್ಬ ಮಹಾರ ಹುಡುಗನು ಮುಂಬಯಿ ಸರಕಾರಕ್ಕೆ ಅರ್ಜಿ ಬರೆದನು. ರೂಢಿಯ ಶುಲ್ಕವನ್ನು ಕೊಡುತ್ತೇನೆಂದರೂ ಧಾರವಾಡದ ಸರಕಾರೀ ಶಾಲೆಯಲ್ಲಿ ತನ್ನನ್ನು ಸೇರಿಸಿಕೊಳ್ಳಲಿಲ್ಲವೆಂಬುದು ಅವನ ದೂರು. ಒಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟಾರೆಂಬ ಭಯದಿಂದ ಸರಕಾರವು ಅವನ ಅರ್ಜಿಯನ್ನು ತಳ್ಳಿತು. ಸರಕಾರೀ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂಬ ತತ್ತ್ವವನ್ನು ಮೇಲಿನವರು ಬಳಿಕ ಒಪ್ಪಿದರು, ಕಾಗದದ ಮೇಲೆ. ಅದೇ ಕಾಲದಲ್ಲಿ ಮಿಶನ್ ಶಾಲೆಗಳು ಜಾತಿಯನ್ನೆಣಿಸದೆ ಮಕ್ಕಳನ್ನು ತೆಗೆದುಕೊಳ್ಳುವುದನ್ನು ನಿಯಮವಾಗಿಟ್ಟುಕೊಂಡಿದ್ದವು. ಮೇಲ್ಜಾತಿಯ ತಂದೆತಾಯಿಗಳು ಸಿಡಿಮಿಡಿಗೊಂಡರೂ ನಿಯಮವನ್ನು ಬಿಡಲಿಲ್ಲ. ಕ್ರೈಸ್ತಮತದ ಕಡುವಿರೋಧಿಯೂ ತಲೆಬಾಗಬೇಕಾದ ಸಂಗತಿಯಿದು.

ಅಂದು ಕೈಯಲ್ಲಿ ಶುಲ್ಕವಿದ್ದೂ ಕುಲದ ದೆಸೆಯಿಂದ ಹುಡುಗನು ಹೊರಗುಳಿದನು. ಇಂದು ಕುಲವನ್ನು ಯಾರೂ ಕೇಳರು, ಶುಲ್ಕವನ್ನು ಕೇಳುತ್ತಾರೆ. ಹೊರಗೆ ನಿಂತ ಮಗುವು ಬಹುಮಟ್ಟಿಗೆ ಅದೇ ಕೇರಿಯದು! ಸಲಹೆಗಾರರ ಸಿದ್ಧಾಂತದಲ್ಲಿ ಈ ಮಗುವಿಗೆ ಸ್ಥಾನವೆಲ್ಲಿ ಎಂಬುದೊಂದೇ ಪ್ರಶ್ನೆ.

‘ಕೈಗೆಟುಕುವ ಶುಲ್ಕ’ ಎನ್ನುತ್ತಾರೆ. ಯಾರ ಕೈಗೆ? ಬ್ಯಾಡಗಿಯಲ್ಲಿ ವಿಚಾರಿಸಿ ನೋಡಬೇಕು. ಈ ಊರಿನ ಮೆಣಸಿನಕಾಯಿಯು ಕೆಂಪು ಬಣ್ಣಕ್ಕೂ ಕಡಿಮೆ ಖಾರಕ್ಕೂ ಲೋಕಪ್ರಸಿದ್ಧವಾಗಿ 2011ರಲ್ಲಿ ಭೌಗೋಳಿಕ ಗುರುತನ್ನು ಪಡೆಯಿತು. ಕಾಯಿಯು ಪೇಟೆಗೆ ತುಂಬಿ ಬರುವುದು ಪುಷ್ಯ ಮಾಘಗಳಿಂದ ಯುಗಾದಿಯ ಆಸುಪಾಸಿನವರೆಗೆ. ರೈತನ ಕೈಯಲ್ಲಿ ಹಣವಾಡುವುದು ಆಗಲೇ. ಶಾಲೆಯ ಶುಲ್ಕವು ಬೀಳುವುದಾದರೋ ಜೂನ್ ತಿಂಗಳಲ್ಲಿ, ಬೀಜ ಗೊಬ್ಬರಗಳಿಗೆ ಸಾಲವೆತ್ತುವ ಹೊತ್ತಿನಲ್ಲಿ. ಅದೂ ಬೆಲೆಯಿದ್ದ ವರ್ಷದ ಮಾತು. 2024ರ ಮಾರ್ಚ್ ತಿಂಗಳಲ್ಲಿ ಬೆಲೆಯು ಒಮ್ಮೆಲೆ ಕುಸಿದಾಗ ರೈತರು ರೊಚ್ಚಿಗೆದ್ದು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದುದೂ ವಾಹನಗಳು ಉರಿದುಹೋದುದೂ ನಾಡಿಗೆಲ್ಲ ತಿಳಿದಿದೆ. ಅಂಥ ವರ್ಷದಲ್ಲಿ ಯಾವ ಶುಲ್ಕವು ಕೈಗೆಟುಕುವಂಥದು? ಇನ್ನು ಹೊಲವೇ ಇಲ್ಲದೆ, ದಲಾಲರ ಅಂಗಡಿಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಘಾಟಿನ ನಡುವೆ ಕುಳಿತು ಕಾಯಿಯ ತೊಟ್ಟು ಬಿಡಿಸಿ ದಿನಗೂಲಿ ಎಣಿಸಿಕೊಳ್ಳುವ ಹೆಂಗಸರ ಮಕ್ಕಳ ಪಾಡು ಬೇರೆಯೇ. ಸಲಹೆಗಾರರ ಬಡವನು ಬಡವರಲ್ಲಿ ಸ್ವಲ್ಪ ಮೇಲಿನವನು. ಕೆಳಗಿನವನು ಅವರ ಕೋಷ್ಟಕದಲ್ಲಿ ಬರುವುದೇ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಸ್ವಲ್ಪ ಮೇಲಿನವನು ತನ್ನ ಮಗುವನ್ನು ಕರೆದುಕೊಂಡು ಹಳದಿ ವಾಹನದ ಶಾಲೆಗೆ ಹೋದಮೇಲೆ ಊರಿನ ಸರಕಾರೀ ಶಾಲೆಯಲ್ಲಿ ಜಗಳಾಡಿ ಕೇಳಬಲ್ಲ ಒಬ್ಬ ತಂದೆಯೂ ಉಳಿಯುವುದಿಲ್ಲ.

ಇಲ್ಲಿ ಪೂರ್ವಪಕ್ಷವೇಳುತ್ತದೆ. ಸರಕಾರೀ ಶಾಲೆಯು ಕೆಟ್ಟಿದೆ, ಶುಲ್ಕ ಕೊಟ್ಟವನು ಮಾತ್ರ ಉಪಾಧ್ಯಾಯನನ್ನು ಪ್ರಶ್ನಿಸಬಲ್ಲನು, ಎಂದು. ಆಂಗ್ಲ ಪ್ರಾಧ್ಯಾಪಕ ಜೇಮ್ಸ್ ಟೂಲಿಯವರು 2000ದಲ್ಲಿ ಹೈದರಾಬಾದಿನ ಹಳೆಯ ನಗರದ ಓಣಿಗಳಲ್ಲಿ ಬಡವರ ಶುಲ್ಕಶಾಲೆಗಳನ್ನು ಕಂಡು ಬೆರಗಾಗಿ, 2009ರಲ್ಲಿ ಅದನ್ನೇ ಗ್ರಂಥವಾಗಿ ಬರೆದರು. ಗ್ರಂಥದ ಹೆಸರನ್ನು ಗಾಂಧೀಜಿಯವರು 1931ರಲ್ಲಿ ಲಂಡನ್ನಿನಲ್ಲಿ ಹೇಳಿದ ‘ಸುಂದರ ವೃಕ್ಷ’ದ ಮಾತಿನಿಂದ ತೆಗೆದುಕೊಂಡರು. ಸರಕಾರೀ ಶಾಲೆಗಳಲ್ಲಿ ಉಪಾಧ್ಯಾಯರ ಕೊರತೆಯಿದೆ, ಕೆಲವೆಡೆ ಔದಾಸೀನ್ಯವೂ ಇದೆ. ಅದನ್ನಲ್ಲಗಳೆಯುವುದು ಸತ್ಯಕ್ಕೆ ದ್ರೋಹ. ಆದರೆ ಶುಲ್ಕದಿಂದಲೇ ಎಚ್ಚರವೆಂಬುದು ಹೊಸ ಶೋಧವೇನಲ್ಲ. ಅನುದಾನದ ಪದ್ಧತಿಯನ್ನು ತಂದ 1854ರ ಸರ್ ಚಾರ್ಲ್ಸ್ ವುಡ್ಡರ ನಿರೂಪವೇ ಎಷ್ಟು ಅಲ್ಪವಾದರೂ ಶುಲ್ಕವಿರಲೆಂದಿತ್ತು. ಮಿಶನ್ನಿನವರೂ ತಮ್ಮ ಇಂಗ್ಲಿಷ್ ಶಾಲೆಗಳಲ್ಲಿ ಶುಲ್ಕ ತೆಗೆದುಕೊಂಡರು. ಆದರೆ ಕೊರತೆ ಬಿದ್ದುದನ್ನು ದಾನದಿಂದಲೂ ಅನುದಾನದಿಂದಲೂ ತುಂಬಿದರೇ ಹೊರತು ಮಗುವಿನ ಮನೆಯಿಂದಲ್ಲ.

ಶುಲ್ಕವನ್ನೇ ನಂಬಿದ ಶಾಲೆಯ ಗತಿಯೇನೆಂಬುದಕ್ಕೆ ತುಂಗಭದ್ರೆಯ ಆಚೆಯ ಬಳ್ಳಾರಿಯಲ್ಲಿಯೇ ಸಾಕ್ಷ್ಯವಿದೆ. ಮದರಾಸಿನ ಗವರ್ನರ್ ಮನ್ರೋ ಸಾಹೇಬರ ಅಪ್ಪಣೆಯಂತೆ 1823ರಲ್ಲಿ ಅಲ್ಲಿನ ಕಲೆಕ್ಟರ್ ಕ್ಯಾಂಬೆಲ್ಲರು ಲೆಕ್ಕ ತೆಗೆದಾಗ ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಟೂಲಿಯವರು ಹೊಗಳುವ ವೃಕ್ಷವು ಇಂಥದೇ. ಆದರೆ ಅದೇ ಕಲೆಕ್ಟರರು, ದೇಶವು ಬಡವಾಗುತ್ತ ಬಂದುದರಿಂದಲೂ ವಿಲಾಯತಿಯ ಬಟ್ಟೆಯು ನೇಕಾರರ ಅನ್ನವನ್ನು ಕಸಿದುದರಿಂದಲೂ ತಂದೆತಾಯಿಗಳು ಶುಲ್ಕ ಕೊಡಲಾರದೆ ಮಕ್ಕಳನ್ನು ಬಿಡಿಸಿ ಕೆಲಸಕ್ಕೆ ಹಚ್ಚುತ್ತಿದ್ದಾರೆಂದು ವರದಿ ಮಾಡಿದರು. ಈ ಅರ್ಧವನ್ನು ಸಲಹೆಗಾರರು ಓದುವುದಿಲ್ಲ.

ಸಾಲದ ಲೆಕ್ಕವನ್ನೂ ತುಸು ನೋಡಬೇಕು. ಎಣಿಕೆಗಾಗಿ ಒಂದು ಶಾಲೆಯಲ್ಲಿ 200 ಮಕ್ಕಳು, ತಿಂಗಳಿಗೆ ತಲಾ 500 ರೂಪಾಯಿ ಶುಲ್ಕವೆನ್ನೋಣ. ಬರುವುದು ಒಂದು ಲಕ್ಷ. ಅದರಲ್ಲಿ ಬಾಡಿಗೆ, ವಾಹನದ ಎಣ್ಣೆ, ದೀಪದ ಖರ್ಚು. ಎಲ್ಲಕ್ಕಿಂತ ಮೊದಲು ಸಾಲದ ಕಂತು, ಏಕೆಂದರೆ ಕಂತು ಕಾಯುವುದಿಲ್ಲ. ಕಾಯುವವರು ಎಂಟು ಹತ್ತು ಮಂದಿ ಉಪಾಧ್ಯಾಯಿನಿಯರು ಮಾತ್ರ. ಉಳಿದುದನ್ನು ಹಂಚಿಕೊಂಡರೆ ಒಬ್ಬೊಬ್ಬರಿಗೆ ಬರುವುದು ಗಾರೆ ಕೆಲಸದವನ ಕೂಲಿಗಿಂತ ಕಡಿಮೆ. ಹೀಗಾಗಿ ವರ್ಷಕ್ಕೊಬ್ಬ ಗುರು ಬದಲು. ಶುಲ್ಕವನ್ನು ಏರಿಸಿದರೆ ಶಾಲೆಯು ಬಡವರದಾಗಿ ಉಳಿಯುವುದಿಲ್ಲ. ಏರಿಸದಿದ್ದರೆ ಶಾಲೆಯಾಗಿಯೇ ಉಳಿಯುವುದಿಲ್ಲ. ಸುಂಕ ತಪ್ಪಿಸಲು ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ಅಲೆದ ವರ್ತಕನಿಗೆ ಸುಂಕದ ಕಟ್ಟೆಯ ಮುಂದೆಯೇ ಬೆಳಗಾಯಿತೆಂಬ ಘಟ್ಟಕುಟೀಪ್ರಭಾತ ನ್ಯಾಯವನ್ನು ಪಾಠಶಾಲೆಯ ಎಳೆಯ ವಿದ್ಯಾರ್ಥಿಯೂ ಬಲ್ಲನು. ದೂರದ ಕೋಟ್ಯಧೀಶನ ಧರ್ಮಬುದ್ಧಿಯು ಸಾಗರಗಳನ್ನು ದಾಟಿ ಬಂದು ಕೊನೆಗೆ ಕೂಲಿಯವಳ ಸೆರಗಿನ ಗಂಟನ್ನೇ ಬಿಚ್ಚಿಸುವುದಾದರೆ, ಅದನ್ನು ದಾನವೆಂದು ಕರೆಯುವುದು ಹೇಗೆ?

ಕಾನೂನಾದರೂ ಆ ಮಗುವಿನ ಕೈ ಹಿಡಿಯಿತೇ? 2009ರ ಶಿಕ್ಷಣ ಹಕ್ಕಿನ ಕಾಯದೆಯು ಖಾಸಗಿ ಶಾಲೆಗಳಲ್ಲಿ ಶೇಕಡಾ 25 ಸ್ಥಾನಗಳನ್ನು ದುರ್ಬಲರ ಮಕ್ಕಳಿಗೆ ಮೀಸಲಿಟ್ಟಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಲ್ಪಸಂಖ್ಯಾತರ ಶಾಲೆಗಳು ಈ ಕಾಯದೆಗೆ ಒಳಪಡವೆಂದು ತೀರ್ಪಿತ್ತಿತು. 2025ರಲ್ಲಿ ಅದೇ ನ್ಯಾಯಾಲಯದ ಒಂದು ಪೀಠವು ಆ ತೀರ್ಪಿನ ಯುಕ್ತತೆಯನ್ನು ಶಂಕಿಸಿತು. ನ್ಯಾಯಾಧೀಶರ ವಿಚಾರವು ಹೇಗಾದರೂ ಆಗಲಿ. ದೀನರ ಸೇವೆಯನ್ನು ವ್ರತವೆಂದವರಿಗೆ ಈ ವಿನಾಯಿತಿಯನ್ನು ಬಳಸಿಕೊಳ್ಳುವ ಹಂಗೇಕೆ? ಕಾನೂನು ಬೇಡವೆಂದರೂ ಕಾಲು ಭಾಗದ ಮಕ್ಕಳನ್ನು ಉಚಿತವಾಗಿ ಸೇರಿಸಿಕೊಳ್ಳಬಾರದೆಂದು ಯಾವ ಕಲಮೂ ಹೇಳಿಲ್ಲ.

ಹಿಂದೂ ಸಂಸ್ಥೆಗಳವರು ಇದನ್ನೋದಿ ಹಿಗ್ಗಬೇಕಾದುದಿಲ್ಲ. ವೇತನಕ್ಕಾಗಿ ವೇದ ಹೇಳಿಕೊಡುವ ಭೃತಕಾಧ್ಯಾಪಕನನ್ನು ಮನುಸ್ಮೃತಿಯು ಪಂಕ್ತಿಯಿಂದ ಹೊರಗಿಡುತ್ತದೆಂದು ವೇದಿಕೆಗಳಲ್ಲಿ ಹೇಳುವವರುಂಟು. ಅದೇ ಸ್ಮೃತಿಯು ಯಾರಾರಿಗೆ ವಿದ್ಯೆಯ ಬಾಗಿಲನ್ನೇ ಮುಚ್ಚಿತೆಂಬುದನ್ನು ಮಾತ್ರ ಅವರು ನೆನೆಯರು. ಇದು ಅರ್ಧಜರತೀಯ ನ್ಯಾಯ. ಧಾರವಾಡದ ಮುರುಘಾಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ಬಡ ಹುಡುಗರು ಎಷ್ಟೋ ಮಂದಿ. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಏಳು ಮಂದಿ ಉಪಾಧ್ಯಾಯರು ತಮ್ಮ ಸುಖವನ್ನು ಬದಿಗಿಟ್ಟವರು. ಅಂಥ ಪರಂಪರೆಯ ನಾಡಿನಲ್ಲಿ ಇಂದು ದೇವರ ಹೆಸರನ್ನೂ ಶರಣರ ಹೆಸರನ್ನೂ ಹೊತ್ತ ಶಾಲೆಗಳು ಪ್ರವೇಶಕ್ಕೆ ಕೇಳುವ ಕಾಣಿಕೆಯ ಮುಂದೆ ಅಲ್ಪಶುಲ್ಕದ ಕ್ರೈಸ್ತ ಶಾಲೆಯು ಸಾಧುವೇ ಸರಿ. ಭಾಷೆಯಲ್ಲಿಯೂ ಇವರು ಅವರಿಗಿಂತ ಮೇಲಲ್ಲ. ಕಿಟ್ಟೆಲ್ಲರ ಮತಬಂಧುಗಳೂ ಬಸವಣ್ಣನವರ ಅನುಯಾಯಿಗಳೂ ಇಂಗ್ಲಿಷಿನ ಫಲಕದ ಕೆಳಗೆ ಒಂದಾಗಿರುವುದನ್ನು ಸಮನ್ವಯವೆನ್ನಬೇಕೋ ಏನೋ!

ಸಲಹೆಗಾರರು ನಿಜವಾಗಿ ಸಲಹೆ ಕೊಡುವುದಾದರೆ ಮಾಡಬಹುದಾದ ಕೆಲಸವುಂಟು. ಕೊಡುವ ಹಣದಲ್ಲಿ ಸಾಲದ ಪಾಲನ್ನಿಳಿಸಿ ದಾನದ ಪಾಲನ್ನೇರಿಸಲಿ. ಬೆಲೆ ಬಿದ್ದ ವರ್ಷ, ಮಳೆ ತಪ್ಪಿದ ವರ್ಷ ಕಂತನ್ನೂ ಶುಲ್ಕವನ್ನೂ ಒಟ್ಟಿಗೆ ಮನ್ನಾ ಮಾಡುವ ಕಲಮನ್ನು ಕರಾರಿನಲ್ಲಿ ಬರೆಯಲಿ. ಶುಲ್ಕವನ್ನು ಜೂನ್ ತಿಂಗಳಿಗಲ್ಲ, ಆಯಾ ಊರಿನ ಸುಗ್ಗಿಗೆ ಹೊಂದಿಸಲಿ. ಉಪಾಧ್ಯಾಯಿನಿಯ ಸಂಬಳವು ಕಂತಿಗಿಂತ ಮೊದಲು ಸಲ್ಲಲಿ. ವರ್ಷದ ಕೊನೆಗೆ ಅಚ್ಚು ಹಾಕಿಸುವ ಬಣ್ಣದ ವರದಿಯಲ್ಲಿ ಸೇರಿದ ಮಕ್ಕಳ ಸಂಖ್ಯೆಯ ಪಕ್ಕದಲ್ಲಿಯೇ, ಶುಲ್ಕ ಕಟ್ಟಲಾರದೆ ನಡುವರ್ಷದಲ್ಲಿ ಹಾಜರಿ ಪುಸ್ತಕದಿಂದ ಹೆಸರು ಹೊಡೆಸಿಕೊಂಡು ಹೋದ ಮಕ್ಕಳ ಸಂಖ್ಯೆಯನ್ನೂ, ಅವರು ಆಮೇಲೆ ಯಾವ ಶಾಲೆಗೆ ಹೋದರು ಅಥವಾ ಯಾವ ಅಂಗಡಿಯಲ್ಲಿ ತೊಟ್ಟು ಬಿಡಿಸಲು ಕುಳಿತರು ಎಂಬುದನ್ನೂ ಅದೇ ಗಾತ್ರದ ಅಕ್ಷರದಲ್ಲಿ ಮುದ್ರಿಸಲಿ.