ಬೀಗ ಹಾಕಿದ ತೊಟ್ಟಿಲ ಕೋಣೆ

ಮಾಲೀಕರಿಗೆ ಒಂದಿಷ್ಟು 'ಪ್ರೋತ್ಸಾಹ' ಕೊಟ್ಟರೆ ಸಾಕು, ದುಡಿಯುವ ತಾಯಂದಿರ ಮಕ್ಕಳ ಯೋಗಕ್ಷೇಮವನ್ನು ಅವರೇ ನೋಡಿಕೊಳ್ಳುತ್ತಾರೆ ಎಂದು ನಂಬಿಸುವ ಮಹನೀಯರು ಎಲ್ಲ ಸರ್ಕಾರಗಳಲ್ಲೂ ಇದ್ದಾರೆ. ಅವರನ್ನು ನಾವು ಕೇಳುತ್ತೇವೆ: 1948ರಿಂದ ಕಾಯಿದೆಯ ಕಡ್ಡಾಯಕ್ಕೇ ಬಗ್ಗದವರು ಬೆನ್ನು ತಟ್ಟಿದರೆ ಬಗ್ಗುವರೇ?

1948ರ ಕಾರ್ಖಾನೆ ಕಾಯಿದೆಯ 48ನೆಯ ಕಲಮು, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಅವರ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದು ವಿಧಿಸಿತು. 1976ರಲ್ಲಿ ಐವತ್ತು ಮೂವತ್ತಾಯಿತು. ಉದ್ದೇಶ ಒಳ್ಳೆಯದೇ, ಆದರೆ ಎಣಿಸಿದ್ದು ಹೆಂಗಸರ ತಲೆಯನ್ನು ಮಾತ್ರ. ಮೂವತ್ತೊಂದನೆಯ ಹೆಣ್ಣಾಳು ಒಳಗೆ ಬಂದರೆ ಖರ್ಚು, ಬಾಗಿಲಲ್ಲೇ ತಡೆದರೆ ಉಳಿತಾಯ! ಇಷ್ಟು ಗಣಿತ ಬಾರದ ಮಾಲೀಕನುಂಟೇ? ಕೂಸಿಗೆ ತಂದೆಯೂ ಒಬ್ಬನಿದ್ದಾನೆ ಎಂಬುದು ಶಾಸನ ಬರೆದವರಿಗೆ ಹೊಳೆಯಲೇ ಇಲ್ಲ.

2017ರಲ್ಲಿ ಹೆರಿಗೆ ಸೌಲಭ್ಯ ಕಾಯಿದೆಯ ತಿದ್ದುಪಡಿ ಬಂದು, ಗಂಡಾಳು ಹೆಣ್ಣಾಳು ಸೇರಿ ಐವತ್ತು ಮಂದಿ ಇದ್ದಲ್ಲೆಲ್ಲ ಶಿಶುಪಾಲನೆಯ ಏರ್ಪಾಡು ಕಡ್ಡಾಯವೆಂದಿತು. ತಾಯಿ ದಿನಕ್ಕೆ ನಾಲ್ಕು ಸಲ ಕೂಸನ್ನು ನೋಡಿಬರಬಹುದು. ಇದನ್ನು ನಾವು ಸ್ವಾಗತಿಸಿದವರೇ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ಐವತ್ತರ ಲೆಕ್ಕ ಉಳಿದಿದೆ. ಆದರೆ ಹಳೆಯ ಕಾರ್ಖಾನೆ ಕಾಯಿದೆ ಹೋಯಿತಲ್ಲ, ಅದರ ಪರಿಣಾಮವೇನು? ನಲವತ್ತೇ ಜನ, ಎಲ್ಲರೂ ಹೆಂಗಸರೇ ಇರುವ ಹೊಲಿಗೆ ಕಾರ್ಖಾನೆ ಹಿಂದೆ ಕಾಯಿದೆಯ ಕೈಗೆ ಸಿಗುತ್ತಿತ್ತು. ಐವತ್ತರ ಲೆಕ್ಕದಲ್ಲಿ ನುಣುಚಿಕೊಳ್ಳುತ್ತದೆ. ಸುಧಾರಣೆಯೆಂದರೆ ಹೀಗೆ!

ಇನ್ನು ಇರುವ ಕೋಣೆಗಳ ಕಥೆ. ನಾವು ಕಣ್ಣಾರೆ ಕಂಡ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಗೋಡೆಯ ಮೇಲೆ ಮೊಲ, ಆನೆ ಬರೆಸಿದ್ದರು. ತೊಟ್ಟಿಲ ಬಟ್ಟೆಯ ಮಡಿಕೆ ಇನ್ನೂ ಮುರಿದಿರಲಿಲ್ಲ. ಬೀಗದ ಕೈ ಮ್ಯಾನೇಜರ ಮೇಜಿನೊಳಗೆ. ಇನ್‌ಸ್ಪೆಕ್ಟರು ಬಂದ ದಿನ ಕೋಣೆಗೆ ಜೀವ ಬರುತ್ತದಂತೆ. "ಮಕ್ಕಳನ್ನು ಯಾರೂ ತರುವುದಿಲ್ಲ ಸ್ವಾಮಿ" ಎಂದರು ಮ್ಯಾನೇಜರು. ಹೇಗೆ ತಂದಾರು? ನಸುಕಿನಲ್ಲೇ ಹೊರಡುವ ವ್ಯಾನಿನಲ್ಲಿ ದೊಡ್ಡವರಿಗೇ ನಿಲ್ಲಲು ಜಾಗವಿಲ್ಲ. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ತಲೆಯ ಮೇಲಿರುವಾಗ, ನಾಲ್ಕು ಸಲವಿರಲಿ, ಒಮ್ಮೆ ಎದ್ದರೂ ಸೂಪರ್‌ವೈಸರನ ಬೈಗುಳ. ಹಾಗಾಗಿ ಕೂಸು ಮನೆಯಲ್ಲೇ ಉಳಿಯುತ್ತದೆ. ಅದನ್ನು ಕಂಕುಳಲ್ಲಿ ಹೊತ್ತ ಹತ್ತು ವರ್ಷದ ಅಕ್ಕ ಶಾಲೆ ಬಿಡುತ್ತಾಳೆ. ಮಾಲೀಕ ಉಳಿಸಿದ ಹಣವನ್ನು ತೆತ್ತವಳು ಆ ಹುಡುಗಿ.

ಅಂಗಡಿಕಾರ ಮಿತ್ರರು ಇದು ಗಿರಣಿಯವರ ಗೋಳೆಂದು ಪುಟ ತಿರುಗಿಸಬಾರದು. ನಾಲ್ಕಾಳಿನ ಜವಳಿ ಅಂಗಡಿಗೆ ಐವತ್ತರ ಕಾಯಿದೆ ತಾಗುವುದಿಲ್ಲ, ನಿಜ. ಆದರೆ ಅಲ್ಲಿ ಸೀರೆ ಮಡಿಸುವ ಹೆಣ್ಣುಮಗಳ ಕೂಸು ಎಲ್ಲಿದೆ? ಗಲ್ಲಾಪೆಟ್ಟಿಗೆಯ ಹಿಂದೆ ಗೋಣಿಯ ಮೇಲೆ ಮಲಗಿರುವ ನಿಮ್ಮದೇ ಕೂಸಿನ ಗತಿಯೇನು?

ದಾರಿ ಹೊಸದೇನೂ ಅಲ್ಲ. ಇ.ಎಸ್.ಐ.ಗೆ ಮಾಲೀಕ ಸಂಬಳದ ಮೇಲೆ ಶೇಕಡ 3.25, ಕಾರ್ಮಿಕ 0.75 ಕಟ್ಟುತ್ತಾರೆ, ಗಂಡಾಳಾದರೂ ಅಷ್ಟೇ, ಹೆಣ್ಣಾಳಾದರೂ ಅಷ್ಟೇ. ಆ ನಿಧಿಯಿಂದಲೇ ಹೆರಿಗೆ ರಜೆಯ ಸಂಬಳ ಹೋಗುವುದರಿಂದ, ಹೆಣ್ಣಾಳನ್ನು ಹೊರಗಿಟ್ಟ ಮಾಲೀಕನಿಗೆ ಆ ಬಾಬಿನಲ್ಲಿ ಬಿಡಿಗಾಸೂ ಉಳಿಯದು. ಶಿಶುಪಾಲನೆಗೂ ಹೀಗೆಯೇ ಒಂದು ನಿಧಿಯಾಗಲಿ. ಸಂಬಳದ ಪಟ್ಟಿ ದೊಡ್ಡದಿದ್ದವನು ಹೆಚ್ಚು ಕಟ್ಟಲಿ, ಸಣ್ಣ ಅಂಗಡಿಗೆ ವಿನಾಯಿತಿ ಇರಲಿ, ಸರ್ಕಾರವೂ ತನ್ನ ಪಾಲು ಹಾಕಲಿ. ಆ ಹಣದಿಂದ ಪುರಸಭೆಗಳು ಕಾರ್ಮಿಕರ ಕೇರಿಯಲ್ಲೇ, ಪೇಟೆಯ ನಡುವೆಯೇ ಶಿಶುಗೃಹ ನಡೆಸಲಿ. ಹಲವರಿಗೆ ಸೇರಿ ಒಂದೇ ಶಿಶುಗೃಹವಾಗಲು ಸಂಹಿತೆಯಲ್ಲೇ ಅವಕಾಶವಿದೆ. ಆಯಾಗಳಿಗೆ ಗೌರವಧನವೆಂಬ ಭಿಕ್ಷೆ ಬೇಡ, ಸಂಬಳ ಕೊಡಲಿ.

ಈ ಬೇಡಿಕೆಯನ್ನು ಜಿಲ್ಲಾ ಕಾರ್ಮಿಕ ಅಧಿಕಾರಿಗಳ ಮುಂದಿಡುವವರಿದ್ದೇವೆ. ನಿಮ್ಮ ಕಾರ್ಖಾನೆಯಲ್ಲಿ ಮಕ್ಕಳ ಕೋಣೆ ಇದೆಯೇ, ಅದರಲ್ಲಿ ಎಷ್ಟು ಕೂಸುಗಳಿವೆ, ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ಒಂದು ಕಾಗದದಲ್ಲಿ ಬರೆದು ಸಂಘದ ಕಚೇರಿಗೆ ತಲುಪಿಸಿರಿ. ಹೆಸರು ಹಾಕಬೇಕಾಗಿಲ್ಲ.